ಎಡೆಗಿಟ್ಟ ಮಾತ್ರೆ

ನಮ್ಮ ಮನೆಯಲ್ಲಿ ತೀರಿಕೊಂಡವರೊಬ್ಬರು ಎರಡು ತಿಂಗಳ ಕಾಲ ಒಂದು ದಿನವೂ ತಪ್ಪದೆ ಬಿಪಿ ಮಾತ್ರೆ ತೆಗೆದುಕೊಂಡರು. ಬದುಕಿದ್ದಾಗ ವಾರಕ್ಕೆ ಮೂರು ಸಲ ತಪ್ಪಿಸುತ್ತಿದ್ದವರು ಅವರು. ಹೀಗೆ ಹೇಳಿದರೆ ನೀವು ನಗುತ್ತೀರಿ. ನಗಿ. ನಾನೂ ಈಗ ನಗುತ್ತೇನೆ. ನಗುವುದಕ್ಕೆ ಮೊದಲು ಒಂದು ಸಲ ಹಿಂದೆ ತಿರುಗಿ ನೋಡಿಕೊಳ್ಳುತ್ತೇನೆ, ಅಷ್ಟೇ.

ನಾನು ಯಳಂದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮನೆ ಕೊಳ್ಳೇಗಾಲದಲ್ಲಿ. ಬೆಳಗ್ಗೆ ಎಂಟೂವರೆ ಬಸ್ಸಿಗೆ ಹೋದರೆ ಸಂಜೆ ಐದೂವರೆಗೆ ವಾಪಸ್. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು, ಸದ್ಯಕ್ಕೆ ನಾನೇ ಕೊನೆ ಕೂಡ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ, ಅವಳದಿನ್ನೂ ಮುಗಿದಿಲ್ಲ. ಗೇಟಿನ ಮೇಲೆ ನನ್ನ ಹೆಸರಿನ ಪಕ್ಕ ಬಿ.ಎಸ್ಸಿ., ಬಿ.ಎಡ್. ಎಂದು ಬರೆಸಿದ್ದೇನೆ. ಪೇಂಟರು ಜಾಗ ಸಾಲದು ಅಂದಾಗ "ಹೆಸರು ಚಿಕ್ಕದು ಮಾಡಿ, ಡಿಗ್ರಿ ಹಾಗೇ ಇರಲಿ" ಅಂದವಳು ನಾನು. ಇದನ್ನು ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ಹನೂರಿನ ಹತ್ತಿರದ ಹಳ್ಳಿಯಿಂದ ಹರಕು ಚಪ್ಪಲಿಯಲ್ಲಿ ಕಾಲೇಜಿಗೆ ಬಂದವಳಿಗೆ ಅಷ್ಟು ಜಂಬ ಸಲ್ಲುತ್ತದೆ.

ಡಿಗ್ರಿಯ ಒಂದು ತೊಂದರೆ ಏನೆಂದರೆ, ಓದದವರ ಮನೆಯಲ್ಲಿ ಓದಿದವಳು ತಾನಾಗಿಯೇ ಡಾಕ್ಟರೂ ಆಗಿಬಿಡುತ್ತಾಳೆ. ನಾನು ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಆದರೆ ನೆಂಟರು ಬಂದರೆ ಕವರಿನಿಂದ ಎಕ್ಸರೇ ತೆಗೆದು ನನ್ನ ಕೈಗೆ ಕೊಡುತ್ತಾರೆ. ನಾನು ಅದನ್ನು ಕಿಟಕಿಗೆ ಹಿಡಿದು, ಸ್ವಲ್ಪ ಹುಬ್ಬು ಗಂಟಿಕ್ಕಿ, "ಹೂಂ" ಅನ್ನುತ್ತೇನೆ. ಆ ಹೂಂಗೆ ಅರ್ಥವಿಲ್ಲ. ಆದರೂ ಅವರು ಸಮಾಧಾನದಿಂದ ಕಾಫಿ ಕುಡಿಯುತ್ತಾರೆ. ಒಮ್ಮೆ ಎಕ್ಸರೇಯನ್ನು ತಲೆಕೆಳಗಾಗಿ ಹಿಡಿದು ಹೂಂ ಅಂದಿದ್ದೆ; ನಮ್ಮೆಜಮಾನರು ಬಸ್ ಕಂಡಕ್ಟರು, ಚೀಟಿ ಯಾವ ಕಡೆ ನೋಡಬೇಕೆಂದು ಗೊತ್ತಿರುವವರು, ಅದನ್ನು ಇವತ್ತಿಗೂ ಮರೆತಿಲ್ಲ.

ಅಪ್ಪ ಅವ್ವ ಇಬ್ಬರಿಗೂ ಬಿಪಿ ಎಂದು ಗೊತ್ತಾದ ಮೇಲೆ ಅವರನ್ನು ಊರಿನಿಂದ ಕರೆತಂದು ನನ್ನ ಜೊತೆಯಲ್ಲೇ ಇಟ್ಟುಕೊಂಡೆ. ಒಂದು ಬಿಪಿ ಮಿಷನ್ನು ತಂದೆ, ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಗುಂಯ್ ಅಂತ ಬಿಗಿದು ಅಂಕಿ ತೋರಿಸುವಂಥದ್ದು. ಇನ್ನೂರು ಪುಟದ ನೋಟ್‌ಬುಕ್ ಇಟ್ಟು, ಎಡಪುಟ ಅವ್ವನಿಗೆ, ಬಲಪುಟ ಅಪ್ಪನಿಗೆ ಎಂದು ಗೆರೆ ಎಳೆದೆ. ಹೆಚ್ಚು ಬಂದರೆ ಕೆಂಪು ಶಾಯಿ, ಸರಿಯಿದ್ದರೆ ಹಸಿರು. ಆ ಪುಸ್ತಕ ನೋಡಿ ನಮ್ಮ ಡಾಕ್ಟರು, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯವರು, "ನಿಮ್ಮಂಥ ಮಗಳು ಎಲ್ಲರಿಗೂ ಇರಬೇಕು ಮೇಡಂ" ಅಂದಿದ್ದರು. ಅವತ್ತು ನಾನು ಮನೆಗೆ ನಡೆದು ಬರಲಿಲ್ಲ, ತೇಲಿಕೊಂಡು ಬಂದೆ.

ಆದರೆ ಅಂಕಿ ಬರೆಯುವವಳು ನಾನಾದರೂ ಮಾತ್ರೆ ಕೊಡುವವನು ಅಪ್ಪ. ಅಪ್ಪ ಅವ್ವ ಇಬ್ಬರೂ ಬಹಳ ವರ್ಷ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಕೂಲಿಗಿದ್ದವರು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಕಣ್ಣಿಗೆ ಕಂಡೂ ಕಾಣದ ಎಳೆಯನ್ನು ಬೆರಳ ತುದಿಯಲ್ಲಿ ಹಿಡಿಯುವ ಕೆಲಸ. ಅಕ್ಷರ ಬರದಿದ್ದರೂ ಅಪ್ಪನಿಗೆ ಬಣ್ಣ ತಪ್ಪುವುದಿಲ್ಲ. ಅಪ್ಪನದು ಬಿಳಿ ಮಾತ್ರೆ, ಅವ್ವನದು ಗುಲಾಬಿ ಮಾತ್ರೆ. ತಿಂಡಿಯಾದ ಮೇಲೆ ಅಪ್ಪ ಒಂದು ಲೋಟ ನೀರು ಹಿಡಿದು ಅವ್ವನ ಮುಂದೆ ನಿಲ್ಲುತ್ತಿದ್ದ. ಅವ್ವ ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಒಳ್ಳೆಯವಳ ಹಾಗೆ ಕೂರುತ್ತಿದ್ದಳು. ಆಮೇಲೆ ಹಿತ್ತಿಲಿಗೆ ಹೋಗಿ ನಾಲಗೆಯಡಿ ಬಚ್ಚಿಟ್ಟಿದ್ದ ಮಾತ್ರೆಯನ್ನು ಕರಿಬೇವಿನ ಬುಡಕ್ಕೆ ಉಗಿಯುತ್ತಿದ್ದಳು. "ಮಾತ್ರ ತಿಂದ್ರೆ ಬಾಯೆಲ್ಲಾ ತುಕ್ಕು ನೆಕ್ಕದಂಗಾಯ್ತದೆ" ಎಂಬುದು ಅವಳ ವಾದ. ಇದು ಗೊತ್ತಾದ ಮೇಲೆ ಅಪ್ಪ ಹೊಸ ಕಾನೂನು ತಂದ. ನೀರು ಕುಡಿದಾದ ಮೇಲೆ "ಬಾಯ್ ತಗಿ. ನಾಲ್ಗೆ ಎತ್ತು" ಅನ್ನುತ್ತಿದ್ದ. ಅವ್ವ ಎತ್ತುತ್ತಿದ್ದಳು. ಅಪ್ಪ ಒಂದು ಕಣ್ಣಿಗೆ ಪೊರೆ ಬಂದಿದ್ದರೂ ಇನ್ನೊಂದು ಕಣ್ಣನ್ನು ಅವಳ ಬಾಯಿಯೊಳಗೆ ಇಟ್ಟು, ಬಾವಿಗೆ ಬಿದ್ದ ಕೊಡ ಹುಡುಕುವವನ ಹಾಗೆ ಹುಡುಕುತ್ತಿದ್ದ. ನಮ್ಮ ಮನೆಯ ಕರಿಬೇವಿನ ಬಿಪಿ ಇಳಿದುಹೋಗುವ ಭಯ ಅಲ್ಲಿಗೆ ತಪ್ಪಿತು.

ಕಾರ್ತಿಕದ ಒಂದು ಬೆಳಗ್ಗೆ ಅಪ್ಪ ಕ್ಷೌರಕ್ಕೆ ಬೇಗ ಹೋಗಬೇಕಿತ್ತು. ಅವ್ವನ ಅಂಗೈಗೆ ಮಾತ್ರೆ ಇಟ್ಟು, "ನುಂಗು" ಅಂತ ಹೇಳಿ ಹೋದ. ಬಾಯಿ ನೋಡಲಿಲ್ಲ. ವಾಪಸ್ ಬರುವ ಹೊತ್ತಿಗೆ ಅವ್ವ ಹಿತ್ತಿಲ ಬಾಗಿಲಲ್ಲಿ ಬಿದ್ದಿದ್ದಳು. ಮಾತು ಹೋಗಿತ್ತು, ಸಂಜೆಯ ಹೊತ್ತಿಗೆ ಅವಳೂ ಹೋದಳು. ತಲೆಯಲ್ಲಿ ರಕ್ತನಾಳ ಒಡೆದಿದೆ ಅಂದರು. ಒಂದು ಮಾತ್ರೆ ತಪ್ಪಿದ್ದಕ್ಕೇ ಹೀಗಾಗುವುದಿಲ್ಲ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು, ನಾನೂ ಹೇಳಿದೆ. ಅಪ್ಪ ಕೇಳಿಸಿಕೊಂಡ. ಆಮೇಲೆ ಹೋಗಿ ಕರಿಬೇವಿನ ಬುಡವನ್ನು ಕಡ್ಡಿಯಲ್ಲಿ ಕೆದಕುತ್ತಾ ಕೂತಿದ್ದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಏನಾದರೂ ಸಿಕ್ಕಿತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಎಡೆ ಇಡುವುದನ್ನು ನೀವು ನೋಡಿರುತ್ತೀರಿ. ಹನ್ನೊಂದನೆಯ ದಿನ, ನಾವು ತಿಥಿ ಅನ್ನುವ ದಿನ, ತೀರಿಕೊಂಡವರ ಫೋಟೋ ಮುಂದೆ ಬಾಳೆ ಎಲೆ ಹಾಸಿ ಅವರಿಗೆ ಇಷ್ಟವಾದದ್ದನ್ನೆಲ್ಲಾ ಬಡಿಸುತ್ತೇವೆ. ಮನುಷ್ಯರ ನಿಜವಾದ ಜೀವನಚರಿತ್ರೆ ಇರುವುದು ಆ ಎಲೆಯಲ್ಲಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಮ್ಮ ತಾತನ ಎಡೆಗೆ ಬೀಡಿ ಹಚ್ಚಿ ಇಟ್ಟಿದ್ದರು, ಅದು ಬಡಿಸುವುದು ಮುಗಿಯುವ ಮೊದಲೇ ಸೇದಿ ಮುಗಿಸಿದ ಹಾಗೆ ಬೂದಿಯಾಗಿತ್ತು. ಮಾರ್ಟಳ್ಳಿ ಕಡೆಯ ಒಬ್ಬ ನೆಂಟರು ದೇವರಂಥವರು ಎಂದೇ ಹೆಸರಾಗಿದ್ದರು. ಅವರ ಎಡೆಯಲ್ಲಿ ಕಾಲು ಬಾಟಲಿ ಬ್ರಾಂದಿ ನೋಡಿದ ಮೇಲೆ ನನಗೆ ಅವರ ಮೇಲಿನ ಗೌರವ ಸ್ವಲ್ಪ ಹೆಚ್ಚಾಯಿತು. ಅವ್ವನ ಎಲೆಗೆ ಹುರಳಿಕಾಳು ಸಾರು, ಮುದ್ದೆ, ಕಡ್ಲೆಪುರಿ, ಎಲೆ ಅಡಿಕೆ ಎಲ್ಲಾ ಬಂತು. ಕೊನೆಗೆ ಅಪ್ಪ ಒಳಗಿನಿಂದ ಒಂದು ಲೋಟ ನೀರು ತಂದಿಟ್ಟು, ಎಲೆಯ ತುದಿಗೆ ಗುಲಾಬಿ ಮಾತ್ರೆ ಇಟ್ಟ. ನೆಂಟರಲ್ಲಿ ಅರ್ಧ ಜನ ಅತ್ತರು, ಅರ್ಧ ಜನ ಸೆರಗು ಬಾಯಿಗೆ ಅಡ್ಡ ಹಿಡಿದರು.

ಅವತ್ತೇ ಇನ್ನೊಂದು ಶಾಸ್ತ್ರವೂ ನಡೆಯಿತು. ಗಂಡನಿಗಿಂತ ಮೊದಲು ಹೋದ ಹೆಂಗಸಾದರೆ ನಮ್ಮಲ್ಲಿ ಒಬ್ಬ ಮುತ್ತೈದೆಯನ್ನು ಅವಳ ಹೆಸರಿಗೆ ಕೂರಿಸುತ್ತಾರೆ. ತೀರಿಕೊಂಡವಳ ಸೀರೆ ಹೊದಿಸಿ, ಬಳೆ ತೊಡಿಸಿ, ಉಣ್ಣಿಸುತ್ತಾರೆ. ಉಣ್ಣುವಷ್ಟು ಹೊತ್ತು ಕೂತವಳು ಇವಳಲ್ಲ, ಹೋದವಳು. ಹನೂರಿನ ನಮ್ಮ ಚಿಕ್ಕವ್ವ, ಅವ್ವನ ಸ್ವಂತ ತಂಗಿ, ಅವ್ವನ ಹಸಿರು ಸೀರೆ ಹೊದ್ದು ಕೂತಳು. ಒಂದೇ ಮೂಗು, ಒಂದೇ ಗಲ್ಲ. ಸಾರು ಸುರಿಯುವಾಗ ಅದೇ ಸದ್ದು. ಅಪ್ಪ ಎದ್ದು ಹೊರಗೆ ಹೋಗಿಬಿಟ್ಟ.

ತಿಥಿ ಮುಗಿಯಿತು, ಮಾತ್ರೆ ಮುಗಿಯಲಿಲ್ಲ. ಅವ್ವನಿಗೆಂದು ಮೂರು ತಿಂಗಳದ್ದು ಒಟ್ಟಿಗೆ ತಂದು ಡಬ್ಬಿಯಲ್ಲಿ ಇಟ್ಟಿದ್ದೆ. ಮಾರನೆ ದಿನವೂ ತಿಂಡಿಯಾದ ಮೇಲೆ ಅಪ್ಪ ಫೋಟೋ ಮುಂದೆ ಒಂದು ಸಣ್ಣ ಎಲೆಯಲ್ಲಿ ಗುಲಾಬಿ ಮಾತ್ರೆ, ಒಂದು ಲೋಟ ನೀರು ಇಟ್ಟ. ಅದರ ಮಾರನೆ ದಿನವೂ. ನಾನು ತಡೆಯಲಿಲ್ಲ. 'ನಾನು ವಿಜ್ಞಾನ ಓದಿದವಳು, ಆದರೂ ಹೃದಯ ಇರುವವಳು' ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸಂಜೆ ನಾನು ಬರುವ ಹೊತ್ತಿಗೆ ಎಲೆ ಖಾಲಿ ಇರುತ್ತಿತ್ತು, ಲೋಟವೂ ಅರ್ಧ ಖಾಲಿ. ಅಪ್ಪ ತೆಗೆದು ಬಿಸಾಡುತ್ತಾನೆ ಅಂದುಕೊಂಡಿದ್ದೆ. ಒಂದು ದಿನ ಸುಮ್ಮನೆ ಕೇಳಿದೆ.

"ಅಪ್ಪೋ, ಮಾತ್ರನ ಸಂಜಿಕೆ ಎಲ್ಲಿಗ್ ಹಾಕ್ತಿಯಾ?"

"ನಾನ್ಯಾಕ್ ಹಾಕನವ್ವ. ಅವ್ಳು ತಕತಾಳೆ."

ಈ ಮಾತನ್ನು ಅಪ್ಪ ಹಾಲಿನವನು ಬಂದಿದ್ದ ಅನ್ನುವಷ್ಟೇ ಸಾಮಾನ್ಯವಾಗಿ ಹೇಳಿದ. ನಾನೂ ನಕ್ಕು ಪಾತ್ರೆ ತೊಳೆಯಲು ಹೋದೆ. ಪಾತ್ರೆ ತೊಳೆಯುತ್ತಾ ನಾಲ್ಕು ಸಲ ಬಾಗಿಲ ಕಡೆ ನೋಡಿದೆ.

ಅಪ್ಪನಿಗೆ ತಲೆ ತಿರುಗಲು ಶುರುವಾದದ್ದು ಆಮೇಲೆ. ಬೆಳಗ್ಗೆ ಹನ್ನೊಂದು ಗಂಟೆ ಸುಮಾರಿಗೆ ಜಗಲಿಯಿಂದ ಏಳಲು ಹೋದರೆ ಕಣ್ಣು ಕತ್ತಲೆ. "ನಿಮ್ಮವ್ವ ಎಗಲ್ ಮ್ಯಾಲೆ ಕೈ ಮಡಗಿ ಕೂತ್ಕೋ ಕೂತ್ಕೋ ಅಂತ ಅದುಮ್ತಾಳೆ ಕಣವ್ವ" ಅನ್ನುತ್ತಿದ್ದ. ಭಯದಿಂದಲ್ಲ, ಒಂದು ಥರ ಮೆಚ್ಚುಗೆಯಿಂದ. ಒಂದು ದಿನ ಹಾಗೇ ಎದ್ದವನು ಹೊಸ್ತಿಲ ಮೇಲೆ ಬಿದ್ದು ಮೊಣಕೈ ತರಚಿಕೊಂಡ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಈ ವಯಸ್ಸಲ್ಲಿ ಇನ್ನೊಂದು ಸಲ ಬಿದ್ದು ಸೊಂಟದ ಮೂಳೆ ಮುರಿದರೆ ಮೇಲೇಳೋದು ಕಷ್ಟ ಮೇಡಂ. ಬೀಳದ ಹಾಗೆ ನೋಡ್ಕೊಳ್ಳಿ" ಅಂದರು. ಬಿಪಿ ತುಂಬಾ ಇಳಿದಿತ್ತು. ಬಿಳಿ ಮಾತ್ರೆಯನ್ನು ಅರ್ಧ ಮಾಡಿದರು. ವಾರ ಬಿಟ್ಟು ಹೋದರೆ ಇನ್ನೂ ಇಳಿದಿದೆ.

"ಬೇರೆ ಏನಾದ್ರೂ ಮಾತ್ರೆ ತಗೋತಾರಾ?" ಅಂದರು ಡಾಕ್ಟರು.

"ಇಲ್ಲ ಸಾರ್. ನನ್ನ ಕಣ್ಣು ತಪ್ಪಿಸಿ ನಮ್ಮನೇಲಿ ಏನೂ ನಡೆಯಲ್ಲ" ಅಂದೆ. ನೋಟ್‌ಬುಕ್ಕನ್ನು ಇನ್ನಷ್ಟು ಮುಂದೆ ತಳ್ಳಿದೆ ಕೂಡ.

ಪಕ್ಕದ ಮನೆಯ ರಾಜಮ್ಮನಿಗೆ ಡಾಕ್ಟರ ಅಗತ್ಯವೇ ಬೀಳಲಿಲ್ಲ. "ಕರೀತಾವ್ಳೆ ಕಣ್ ಮೇಡಮ್ನೋರೆ. ಐವತ್ತೊರ್ಸ ಜತೇಲಿದ್ದೋಳು, ಒಬ್ಳೇ ಇರಕಾಯ್ತದಾ? ಒಂದ್ಸಾರಿ ಬೆಟ್ಟಕ್ ಕರ್ಕಂಡೋಗಿ ಮಾದಪ್ಪನ ಪಾದಕ್ ಬುಟ್ಟು ಬನ್ನಿ" ಅಂದಳು. ಮೂಢನಂಬಿಕೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಒಳಗೆ ಬಂದು, ಗ್ರಾಫ್ ಹಾಳೆಯ ಮೇಲೆ ಅಪ್ಪನ ಅಂಕಿಗಳನ್ನೆಲ್ಲಾ ಚುಕ್ಕೆ ಹಾಕಿ ಸೇರಿಸಿದೆ. ಮಕ್ಕಳಿಗೆ ಹೇಳಿಕೊಡುವ ಕೆಲಸವೇ. ಗೆರೆ ನೇರವಾಗಿ ಬಂದು, ಒಂದು ಕಡೆ ಬಗ್ಗಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿತ್ತು. ಬಗ್ಗಿದ ಜಾಗದ ತಾರೀಕು ನೋಡಿದೆ. ತಿಥಿಯ ದಿನ. ಯಾರೋ ಅಪ್ಪನ ಕೈ ಹಿಡಿದು ನಿಧಾನಕ್ಕೆ, ಬೀಳದ ಹಾಗೆ, ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋಗುತ್ತಿರುವ ಹಾಗಿತ್ತು ಆ ಗೆರೆ. ಗ್ರಾಫ್ ಹಾಳೆ ಸುಳ್ಳು ಹೇಳುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ಪಾಠ ಮಾಡಿಕೊಂಡು ಬಂದವಳು ನಾನು. ಅವತ್ತು ಅದನ್ನು ಮಡಿಸಿ ಅಕ್ಕಿ ಡಬ್ಬದ ಕೆಳಗಿಟ್ಟೆ.

ಭಾನುವಾರ ಬಂತು. ಅಡುಗೆಮನೆ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತಾ ಆ ಎಲೆಯನ್ನೇ ನೋಡುತ್ತಿದ್ದೆ. ಬಿಸಿಲು ಕಿಟಕಿಯಿಂದ ಬಂದು ಸರಿಯಾಗಿ ಮಾತ್ರೆಯ ಮೇಲೆ ಬಿದ್ದಿತ್ತು. ಅಪ್ಪ ಜಗಲಿಯಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಒಳಗೆ ಹಾಲು ಉಕ್ಕುವ ಸದ್ದಾಯಿತು. ಓಡಿ ಸ್ಟೌ ಆರಿಸಿ, ಒರೆಸಿ, ವಾಪಸ್ ಬಂದೆ. ಎಲೆಯ ಮೇಲೆ ಬಿಸಿಲಷ್ಟೇ ಇತ್ತು. ಲೋಟದ ನೀರು ಇನ್ನೂ ಅಲುಗಾಡುತ್ತಿತ್ತು. ಅಪ್ಪ ಜಗಲಿಯಲ್ಲಿ, ಹಾಗೇ, ಕಣ್ಣು ಮುಚ್ಚಿಕೊಂಡು. ಇಲಿ, ಹಲ್ಲಿ, ಕಾಗೆ ಎಂದು ನನಗೆ ತಿಳಿದ ಪ್ರಾಣಿಗಳನ್ನೆಲ್ಲಾ ಒಂದೊಂದಾಗಿ ನೆನೆಸಿಕೊಂಡೆ. ನೀರು ಕುಡಿದು ಮಾತ್ರೆ ನುಂಗುವ ಅಭ್ಯಾಸ ಅವುಗಳಲ್ಲಿ ಯಾವುದಕ್ಕೂ ಇಲ್ಲ.

ವಿಜ್ಞಾನದವಳಿಗೆ ಭಯವಾದರೆ ಅವಳು ಪ್ರಯೋಗ ಮಾಡುತ್ತಾಳೆ. ನಾನು ಮಾಡಿದ ಪ್ರಯೋಗ ಮಾತ್ರ ನಮ್ಮಜ್ಜಿಯದು. ಸತ್ತವರು ಮಲಗಿದ್ದ ಜಾಗದಲ್ಲಿ ಹಿಟ್ಟು ಚೆಲ್ಲಿ, ಅವರು ಯಾವ ರೂಪದಲ್ಲಿ ಬಂದು ಹೋದರು ಎಂದು ಹೆಜ್ಜೆ ಗುರುತು ನೋಡುವುದು ಹಳ್ಳಿಯ ಹಳೇ ಪದ್ಧತಿ. ಸೋಮವಾರ ಬಸ್ಸಿಗೆ ಹೊರಡುವ ಮೊದಲು ಫೋಟೋ ಮುಂದೆ ಒಂದು ಮಾರು ಅಗಲ ರಾಗಿ ಹಿಟ್ಟನ್ನು ತೆಳ್ಳಗೆ ಉದುರಿಸಿದೆ. "ಇರುವೆ ಬರ್ತವೆ ಅಪ್ಪ, ಅದ್ಕೆ" ಅಂತ ಸುಳ್ಳು ಹೇಳಿದೆ. ಇರುವೆಗೆ ಹಿಟ್ಟು ಹಾಕಿದರೆ ಬರುತ್ತವೆಯೇ ಹೊರತು ಹೋಗುವುದಿಲ್ಲ ಎಂದು ಅಪ್ಪನಿಗೂ ಗೊತ್ತು. ಅವನು ಒಂದು ಸಲ ನನ್ನ ಮುಖ ನೋಡಿ ಜಗಲಿಗೆ ಹೋದ.

ಅವತ್ತು ಒಂಬತ್ತನೇ ಕ್ಲಾಸಿಗೆ ಚಲನೆಯ ನಿಯಮ ಹೇಳಬೇಕಿತ್ತು. ಏನು ಹೇಳಿದೆನೋ. ಸಂಜೆ ಬಾಗಿಲು ತಳ್ಳಿದವಳೇ ಚಪ್ಪಲಿಯಲ್ಲೇ ಒಳಗೆ ಹೋದೆ.

ಹೆಜ್ಜೆಗಳಿದ್ದವು. ಐದು ಬೆರಳು, ಅದರ ಹಿಂದೆ ಮುಂಗಾಲಿನ ಗುರುತು, ಅಷ್ಟೇ. ಹಿಮ್ಮಡಿಯೇ ಇಲ್ಲ. ಅವ್ವನ ಹಿಮ್ಮಡಿ ಒಡೆದು ಸೀಳು ಬಿಟ್ಟಿದ್ದವು. ನೆಲಕ್ಕೆ ತಾಗಿದರೆ ಉರಿಯುತ್ತದೆ ಎಂದು ಅವಳು ಮುಂಗಾಲಲ್ಲೇ ನಡೆಯುತ್ತಿದ್ದಳು. ಇನ್ನೊಂದು ವಿಷಯ ನಾನು ಗಮನಿಸಿದ್ದು ಸ್ವಲ್ಪ ತಡವಾಗಿ. ಹೆಜ್ಜೆಗಳೆಲ್ಲಾ ಫೋಟೋ ಕಡೆಗೇ ಮುಖ ಮಾಡಿದ್ದವು. ವಾಪಸ್ ಬಂದ ಗುರುತು ಒಂದೂ ಇರಲಿಲ್ಲ. ಹೋದವರು ಹೋಗಿ ಅಲ್ಲೇ ಉಳಿದುಬಿಟ್ಟಿದ್ದರು. ಹೊರಗೆ ಹಗಲು ಬೆಳಕು ಇನ್ನೂ ಇತ್ತು, ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು. ನನ್ನ ಬಿ.ಎಸ್ಸಿ. ಮಾತ್ರ ಗೇಟಿನ ಮೇಲೇ ಉಳಿದುಕೊಂಡಿತ್ತು, ನನ್ನ ಜೊತೆ ಒಳಗೆ ಬಂದಿರಲಿಲ್ಲ.

ಹಿಟ್ಟನ್ನು ಗುಡಿಸದೆ ಹಾಗೇ ಬಿಟ್ಟಿದ್ದೆ. ಬುಧವಾರ ಸ್ಕೂಲಿಗೆ ಹೋಗಲಿಲ್ಲ. ಸೀರೆ ಉಟ್ಟು, ಬ್ಯಾಗು ಹಾಕಿಕೊಂಡು, ಅಪ್ಪನಿಗೆ ಹೇಳಿ ಹೊರಟವಳು ಸುತ್ತಿ ಹಿತ್ತಿಲ ಬಾಗಿಲಿನಿಂದ ಬಂದು ಅಡುಗೆಮನೆ ಬಾಗಿಲ ಹಿಂದೆ ನಿಂತೆ. ಸ್ವಂತ ಮನೆಯಲ್ಲಿ ಕಳ್ಳಿಯ ಹಾಗೆ ನಿಲ್ಲುವುದು ವಿಚಿತ್ರ ಅನುಭವ. ನಾವಿಲ್ಲದಾಗ ಮನೆ ಬೇರೆಯೇ ಸದ್ದು ಮಾಡುತ್ತದೆ. ಗೋಡೆ ಗಡಿಯಾರ ಅಷ್ಟು ಜೋರು ಎಂದು ನನಗೆ ಗೊತ್ತಿರಲಿಲ್ಲ. ಹತ್ತಾಯಿತು. ಹತ್ತೂಕಾಲಾಯಿತು. ಆಮೇಲೆ ಹಜಾರದಿಂದ ಅಪ್ಪನ ದನಿ ಕೇಳಿಸಿತು.

"ಸಾಕಾ? ಆಯ್ತಾ ನಿಂದು?"

ಉತ್ತರ ಬರಲಿಲ್ಲ. ಉತ್ತರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಪ್ಪ ಕಾದ. ಆಮೇಲೆ, "ಊಂ" ಅಂದ.

ಸಂದಿಯಿಂದ ನೋಡಿದೆ. ಅಪ್ಪ ಗೋಡೆ ಹಿಡಿದು, ತುದಿಗಾಲಲ್ಲಿ, ರಾಗಿ ಹಿಟ್ಟಿನ ಮೇಲೆ ಆದಷ್ಟು ಕಡಿಮೆ ಹೆಜ್ಜೆ ಇಟ್ಟು ಎಲೆಯ ಹತ್ತಿರ ಹೋದ. ಮಾತ್ರೆ ಎತ್ತಿಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡ. ಬಾಯಿಗೆ ಹಾಕಿಕೊಂಡು ಅವ್ವನ ಲೋಟದ ನೀರನ್ನೇ ಕುಡಿದ. ಆಮೇಲೆ ಎಡೆಗೆ ಬೆನ್ನು ತೋರಿಸಬಾರದಲ್ಲ, ಫೋಟೋ ನೋಡಿಕೊಂಡೇ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಬಂದ.

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದಾಗ ಅಪ್ಪ ಬೆಚ್ಚಿ ಬೀಳಲಿಲ್ಲ. "ಬಸ್ಸು ಓಯ್ತಾ?" ಅಂದ.

"ಅಪ್ಪಾ, ಏನ್ ಮಾಡ್ದೆ ನೀನು? ಅದು ಅವ್ವನ್ ಮಾತ್ರ."

"ಅವ್ಳದೇ. ಅವ್ಳು ತಕಂಡಾದ್ ಮ್ಯಾಲೆ ಉಳ್ದದ್ದು. ಎಡ ಇಟ್ಟುದ್ನ ಎಸಿಯದಾ?"

"ದನಕ್ಕೆ ಹಾಕಬೇಕಪ್ಪ, ಇಲ್ದಿದ್ರೆ..."

"ದನಕ್ ಬಿಪಿ ಅದಾ?"

ಅಪ್ಪನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಎಡೆಗಿಟ್ಟದ್ದು ಎಸೆಯುವ ವಸ್ತುವಲ್ಲ, ಮನೆಯವರು ತಿನ್ನಬೇಕಾದ ಪ್ರಸಾದ. ಮುದ್ದೆ ತಿನ್ನುತ್ತೇವೆ, ಸಾರು ಕುಡಿಯುತ್ತೇವೆ, ಮಾತ್ರೆ ಮಾತ್ರ ಯಾಕೆ ಬೇರೆ? ಅಪ್ಪ ಎರಡು ತಿಂಗಳಿಂದ ತನ್ನದರ ಜೊತೆಗೆ ಅವ್ವನ ಮಾತ್ರೆಯನ್ನೂ ನುಂಗುತ್ತಿದ್ದ. ಡಾಕ್ಟರು ಬಿಳಿ ಮಾತ್ರೆ ಅರ್ಧ ಮಾಡಿದರೆ ಗುಲಾಬಿಯದು ಇಡಿಯಾಗಿ ಹೊಟ್ಟೆಗೆ ಹೋಗುತ್ತಿತ್ತು. ಅವ್ವ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಅದುಮುತ್ತಿದ್ದದ್ದು ಒಂದು ರೀತಿಯಲ್ಲಿ ನಿಜವೇ. ಅವಳ ಮಾತ್ರೆಯೇ ಅದು.

ಅವತ್ತೇ ಡಾಕ್ಟರ ಹತ್ತಿರ ಹೋಗಿ ತಲೆ ತಗ್ಗಿಸಿ ಹೇಳಿದೆ. ಅವರು ನಗಲಿಲ್ಲ, ಅದೇ ನನಗೆ ಹೆಚ್ಚು ಅವಮಾನವಾಯಿತು. "ಆ ಮಾತ್ರೆ ಇವತ್ತಿಂದ ಬಂದ್" ಅಂದರು. ಬಂದ್ ಮಾಡುವುದು ಅಷ್ಟು ಸುಲಭವಿರಲಿಲ್ಲ. ನಾನು ಡಬ್ಬಿ ಬಚ್ಚಿಟ್ಟೆ. ಮಾರನೆ ದಿನ ಅಪ್ಪ ಊಟ ಬಿಟ್ಟ, ನಾನು ಸ್ಕೂಲಿಗೆ ರಜೆ ಹಾಕಿದೆ.

"ಒಂದಿನ ಬಾಯ್ ನೋಡ್ದೆ ಓದೆ, ಓಗ್ಬುಟ್ಲು. ಇನ್ನು ಮಾತ್ರನೇ ಕೊಡದೆ ಇದ್ರೆ ಅಲ್ಲಿ ಅವ್ಳ ಗತಿ ಏನು? ತಲ ತಿರುಗಿ ಬಿದ್ರೆ ಅಲ್ಲಿ ಎತ್ತವ್ರು ಯಾರವ್ರೆ?" ಅಂದ.

"ಅವ್ವನಿಗೆ ಈಗ ಬಿಪಿ ಇಲ್ಲಪ್ಪ."

"ನೀನು ಮಿಷನ್ನಿಟ್ಟು ನೋಡ್ದ್ಯಾ?"

ಪ್ರಯೋಗ ಮಾಡದೆ ತೀರ್ಮಾನಕ್ಕೆ ಬರಬಾರದು ಎಂದು ನಾನೇ ಮಕ್ಕಳಿಗೆ ಹೇಳುವುದು. ಅಪ್ಪ ಹಿಡಿದ ಹಠಕ್ಕೆ ಸೋತು, ಅವ್ವನ ಹಸಿರು ಸೀರೆಯನ್ನು ಸುರುಳಿ ಸುತ್ತಿ, ಅದಕ್ಕೆ ಪಟ್ಟಿ ಬಿಗಿದು ಗುಂಡಿ ಒತ್ತಿದೆ. ಮಿಷನ್ನು ಗುಂಯ್ ಅಂದು, ಒದ್ದಾಡಿ, ತಪ್ಪು ಅಂತ ತೋರಿಸಿತು. ಇನ್ನೊಂದು ಸಲವೂ ಅದೇ. "ನೋಡಪ್ಪ, ಏನೂ ಇಲ್ಲ" ಅಂದೆ.

"ಸೀರ್ಗೆ ಕೈ ಎಲ್ಲದೆ, ತೋರ್ಸಕೆ?" ಅಪ್ಪ ನನ್ನನ್ನೇ ನೋಡಿದ. "ತಿಥೀಲಿ ನಿಮ್ಮ ಚಿಕ್ಕವ್ವ ಕೂತಿರ್ನಿಲ್ವಾ? ಅಂಗೇ ನೀನು ಅವ್ಳೆಸ್ರಿಗೆ ಕೂತ್ಕೊ."

ಮಧ್ಯಾಹ್ನದ ಹೊತ್ತು. ನಾನು ಗೋಡೆಗೆ ಬೆನ್ನು ಕೊಟ್ಟು, ಫೋಟೋ ಕೆಳಗೆ, ಅವ್ವ ಕೂರುತ್ತಿದ್ದ ಜಾಗದಲ್ಲೇ ಕೂತೆ. ಅಪ್ಪ ಸೀರೆಯನ್ನು ನನ್ನ ಹೆಗಲಿಗೆ ಹೊದಿಸಿದ. ಪೆಟ್ಟಿಗೆಯಲ್ಲಿದ್ದ ಸೀರೆ, ಎಷ್ಟು ಒಗೆದರೂ ಬೇಯಿಸಿದ ಗೂಡಿನ ವಾಸನೆ ಬಿಟ್ಟಿರಲಿಲ್ಲ. ಪಟ್ಟಿ ಬಿಗಿಯುತ್ತಾ ಹೋಯಿತು. ಯಾರೋ ತೋಳು ಹಿಡಿದು ಇನ್ನು ಬಿಡುವುದಿಲ್ಲ ಅನ್ನುವ ಹಾಗೆ ಬಿಗಿಯಿತು. ನನ್ನ ನಾಲಗೆ ತಾನಾಗಿಯೇ ಮೇಲಕ್ಕೆ ಹೋಗಿ ಅಂಗುಳಕ್ಕೆ ಒತ್ತಿಕೊಂಡದ್ದು ನನಗೆ ಈಗಲೂ ನೆನಪಿದೆ. ಯಾಕೆ ಹಾಗೆ ಮಾಡಿದೆ, ಗೊತ್ತಿಲ್ಲ. ಆಮೇಲೆ ಪಟ್ಟಿ ಸಡಿಲವಾಯಿತು, ಮಿಷನ್ನು ಕೂಗಿತು.

ನೂರಾ ಅರವತ್ನಾಲ್ಕು. ಕೆಳಗೆ ನೂರು.

ಅವ್ವನ ಪುಟದಲ್ಲಿ, ಅವಳ ಕೊನೆಯ ವಾರದಲ್ಲಿ, ನನ್ನದೇ ಕೆಂಪು ಶಾಯಿಯಲ್ಲಿ ಇದ್ದದ್ದು ಹೆಚ್ಚು ಕಡಿಮೆ ಇದೇ ಅಂಕಿ.

"ಎಷ್ಟದೆ?" ಅಂದ ಅಪ್ಪ. ಹೇಳಿದೆ. "ನಾನೇಳ್ನಿಲ್ವಾ, ಅವ್ಳಿಗೆ ಜಾಸ್ತಿ ಅದೆ ಅಂತ" ಅಂದ. ಆಮೇಲೆ ಸೀರೆಯನ್ನು ನನ್ನ ಹೆಗಲಿಂದ ತೆಗೆದು ಮಡಿಸುತ್ತಾ, ಬೇರೆ ದನಿಯಲ್ಲಿ ಕೇಳಿದ. "ಕೂಸೇ, ನೀನು ನಿಂದ ಯಾವತ್ ನೋಡ್ಕಂಡಿದ್ದೆ?"

ಇನ್ನೂರು ಪುಟದ ಪುಸ್ತಕದಲ್ಲಿ ಎಡಗಡೆ ಅವ್ವ, ಬಲಗಡೆ ಅಪ್ಪ. ನಾನು ಇದ್ದದ್ದು ನಡುವಿನ ಹೊಲಿಗೆಯಲ್ಲಿ. ಮಿಷನ್ನು ತಂದು ಮೂರು ವರ್ಷವಾಗಿತ್ತು, ನನ್ನ ತೋಳಿಗೆ ಅದನ್ನು ಒಂದು ಸಲವೂ ಸುತ್ತಿರಲಿಲ್ಲ. ಬಸ್ಸು ಹತ್ತುವಾಗ ಬರುವ ತಲೆನೋವಿಗೆ ಬಿಸಿಲು ಕಾರಣ, ಮೆಟ್ಟಿಲು ಹತ್ತುವಾಗಿನ ಏದುಸಿರಿಗೆ ವಯಸ್ಸು ಕಾರಣ ಎಂದು ನಾನೇ ಪರೀಕ್ಷೆ ಬರೆದು ನಾನೇ ಪಾಸು ಮಾಡಿಕೊಂಡಿದ್ದೆ. ಸೀರೆ ಇಲ್ಲದೆ ಇನ್ನೊಂದು ಸಲ ನೋಡಿದೆ. ನಾಲ್ಕೇ ನಾಲ್ಕು ಕಡಿಮೆ.

ಡಾಕ್ಟರು ಮೂರು ದಿನ ಬಿಟ್ಟು ಬಿಟ್ಟು ನೋಡಿ ಚೀಟಿ ಬರೆದರು. ಮೆಡಿಕಲ್ ಸ್ಟೋರಿನವನು ಪಟ್ಟಿ ಕತ್ತರಿಸಿ ಕೌಂಟರಿನ ಮೇಲೆ ಇಟ್ಟಾಗ ನಾನು ಚೀಟಿಯನ್ನು ಇನ್ನೊಮ್ಮೆ ಓದಿದೆ. ತಪ್ಪಾಗಿರಲಿಲ್ಲ. ಗುಲಾಬಿ ಮಾತ್ರೆಯೇ. ಎಷ್ಟೋ ಜನರಿಗೆ ಅದನ್ನೇ ಕೊಡುತ್ತಾರೆ, ಅದರಲ್ಲಿ ಏನೂ ವಿಶೇಷವಿಲ್ಲ ಎಂದು ನಿಮಗೆ ಹೇಳುತ್ತಿದ್ದೇನೆ. ನನಗೂ ಹಾಗೇ ಹೇಳಿಕೊಂಡೆ, ಮನೆ ತಲುಪುವವರೆಗೂ.

ಆವತ್ತಿನಿಂದ ಅಪ್ಪ ಫೋಟೋ ಮುಂದೆ ಮಾತ್ರೆ ಇಡುವುದಿಲ್ಲ. ಯಾರೂ ಬೇಡ ಅನ್ನಬೇಕಾಗಲಿಲ್ಲ. ಅವನ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಬಂತು, ಈಗ ಹಸಿರು ಶಾಯಿ. ಜಗಲಿಯಿಂದ ಏಳುವಾಗ ಯಾರೂ ಹೆಗಲು ಅದುಮುವುದಿಲ್ಲವಂತೆ. ಇದನ್ನು ಹೇಳುವಾಗ ಮಾತ್ರ ಅವನ ಮುಖ ಸ್ವಲ್ಪ ಸಪ್ಪೆಯಾಗುತ್ತದೆ. ಪುಸ್ತಕದ ಎಡಪುಟ ಖಾಲಿ ಬಿಡಲು ಮನಸ್ಸಾಗದೆ ಅವ್ವನ ಹೆಸರಿನ ಕೆಳಗೇ ನನ್ನ ಅಂಕಿ ಬರೆಯುತ್ತಿದ್ದೇನೆ. ಹೆಸರು ಬದಲಾಯಿಸಬೇಕು. ನಾಳೆ ನಾಳೆ ಅಂತ ಆಗಿಲ್ಲ.

ಈಗ ತಿಂಡಿಯಾದ ಮೇಲೆ, ಎಂಟೂವರೆ ಬಸ್ಸಿನ ಗಡಿಬಿಡಿಯಲ್ಲಿ, ಅಪ್ಪ ಒಂದು ಲೋಟ ನೀರು ಹಿಡಿದು ನನ್ನ ಮುಂದೆ ನಿಲ್ಲುತ್ತಾನೆ. ಅಂಗೈಯಲ್ಲಿ ಗುಲಾಬಿ ಮಾತ್ರೆ. ಅವ್ವ ಹೇಳುತ್ತಿದ್ದದ್ದು ನಿಜ, ಬಾಯೆಲ್ಲಾ ತುಕ್ಕು ನೆಕ್ಕಿದ ಹಾಗಾಗುತ್ತದೆ. ಮೊನ್ನೆ ನೀರು ಕುಡಿದು ಬ್ಯಾಗು ಎತ್ತಿಕೊಂಡು ಹೊರಟೆ. ಹೊಸ್ತಿಲ ಹತ್ತಿರ ನಿಂತೆ. ಮಾತ್ರೆ ನಾಲಗೆಯಡಿ ಇತ್ತು. ನಾನು ಇಟ್ಟುಕೊಂಡಿರಲಿಲ್ಲ, ಆದರೆ ಇತ್ತು.

"ಬಾ ಇಲ್ಲಿ. ಬಾಯ್ ತಗಿ" ಅಂದ ಅಪ್ಪ. "ನಾಲ್ಗೆ ಎತ್ತು."

ಗೇಟಿನ ಮೇಲೆ ಬಿ.ಎಸ್ಸಿ., ಬಿ.ಎಡ್. ಎಂದು ಬರೆಸಿರುವ ಹೆಂಗಸು ಬಾಯಿ ತೆರೆದು ನಾಲಗೆ ಎತ್ತಿದಳು. ಅಪ್ಪ ಇನ್ನೊಂದು ಗುಟುಕು ನೀರು ಕುಡಿಸಿದ. ನುಂಗಿದೆ. ಮತ್ತೆ ನೋಡಿದ, ಬಲಗಡೆ, ಎಡಗಡೆ. ತೃಪ್ತಿಯಾಯಿತು. ಆಮೇಲೆ ನನ್ನ ಹೆಗಲ ಮೇಲಿಂದ, ನನ್ನ ಹಿಂದೆ, ಗೋಡೆಯ ಕಡೆಗೆ ಕತ್ತೆತ್ತಿ ಹೇಳಿದ.

"ನುಂಗುದ್ಲು ಕಣಮ್ಮಿ."

ಉತ್ತರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದ. ಆಮೇಲೆ, "ಊಂ" ಅಂದು ಲೋಟ ತೊಳೆಯಲು ಹೋದ.

ನಾನು ಹಿಂದೆ ತಿರುಗಿ ನೋಡಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.